ಎರಡನೆಯ ದಿನದ ಮೆಟ್ಟಿಲು

ದುಡಿದು ದಣಿದ ಮೈಯ ನೋವಿಗೆ ನಮ್ಮ ಭಾಷೆಯಲ್ಲಿ ಮಾತುಗಳ ಬರವಿಲ್ಲ. ತೊಡೆ ಹಿಡಿದುಕೊಂಡಿದೆ ಎನ್ನುತ್ತೇವೆ. ಮೀನಖಂಡ ಕಲ್ಲಾಗಿದೆ, ಸೊಂಟ ಬಿಗಿದಿದೆ, ರಟ್ಟೆ ಬಿದ್ದುಹೋಗಿದೆ, ಮೈಯೆಲ್ಲ ಹಣ್ಣಾಗಿದೆ ಎನ್ನುತ್ತೇವೆ. ಮದುವೆ ಮನೆಯಲ್ಲಿ ಎರಡು ದಿನ ಓಡಾಡಿದವರಿಗೂ, ಗದ್ದೆಯಲ್ಲಿ ನಾಟಿ ಮಾಡಿದವರಿಗೂ, ಹೊಸ ವರ್ಷದ ಹುರುಪಿನಲ್ಲಿ ಜಿಮ್ಮಿಗೆ ಸೇರಿದ ಹುಡುಗರಿಗೂ ಈ ಮಾತುಗಳು ಒಂದೇ ರೀತಿ ಒದಗಿ ಬರುತ್ತವೆ. ಆದರೆ ಈ ನೋವಿನ ಬೆನ್ನಿಗೇ ಸದ್ದಿಲ್ಲದೆ ಬರುವ ಇನ್ನೊಂದು ಸಂಗತಿಯಿದೆ. ಕಾಲು ನೋಯುವುದರ ಜೊತೆಗೆ, ಕಾಲು ಎಲ್ಲಿದೆ ಎಂಬ ಲೆಕ್ಕವೂ ತುಸು ತಪ್ಪಿಹೋಗಿರುತ್ತದೆ. ನಿಂತಲ್ಲಿ ದೇಹ ಕೊಂಚ ತೂಗುತ್ತದೆ, ಮೆಟ್ಟಿಲು ಇದ್ದದ್ದಕ್ಕಿಂತ ಒಂದು ಅಂಗುಲ ಕೆಳಗೆ ಸರಿದಂತೆ ಭಾಸವಾಗುತ್ತದೆ. ಇದಕ್ಕೆ ಮಾತ್ರ ನಮ್ಮಲ್ಲೊಂದು ಹೆಸರಿಲ್ಲ. ಹೆಸರಿಲ್ಲದ ಕಾರಣಕ್ಕೋ ಏನೋ, ಇದರ ಬಗ್ಗೆ ಯಾರೂ ಯಾರನ್ನೂ ಎಚ್ಚರಿಸುವುದಿಲ್ಲ.

ನಾವು ಏಳು ಮಂದಿ ಹೆಂಗಸರು. ಬೆಂಗಳೂರಿನ ಪಶ್ಚಿಮದ ಅನ್ನಪೂರ್ಣೇಶ್ವರಿ ನಗರದಲ್ಲಿ, ನಾಗರಭಾವಿ ಮತ್ತು ಮಾಗಡಿ ರಸ್ತೆಯ ನಡುವಿನ ಗಲ್ಲಿಗಳಲ್ಲಿ ನಮ್ಮ ಮನೆಗಳಿವೆ. ನಮ್ಮಲ್ಲಿ ಅತಿ ಕಿರಿಯವರಿಗೆ 38, ಹಿರಿಯವರಿಗೆ 71. ಒಬ್ಬರು ನಿವೃತ್ತ ಶಾಲಾ ಶಿಕ್ಷಕಿ, ಇನ್ನೊಬ್ಬರು ಮನೆಯಲ್ಲೇ ಹೊಲಿಗೆ ಮಾಡುವವರು, ಮತ್ತೊಬ್ಬರದು ಮಧ್ಯಾಹ್ನದ ಊಟದ ಡಬ್ಬಿ ಕಳಿಸುವ ಸಣ್ಣ ವ್ಯಾಪಾರ. ಉಳಿದವರು ಜನಗಣತಿಯವರು 'ಏನೂ ಕೆಲಸವಿಲ್ಲ' ಎಂದು ಬರೆದುಕೊಂಡು ಹೋಗುವ, ಬೆಳಗಿನಿಂದ ರಾತ್ರಿಯವರೆಗೆ ಕೂರಲು ಪುರುಸೊತ್ತಿಲ್ಲದವರು. ಬೆಳಿಗ್ಗೆ ಆರೂಕಾಲಕ್ಕೆ ಪಾರ್ಕಿನ ಗೇಟಿನ ಬಳಿ ಸೇರುತ್ತೇವೆ. ಕೆಲವರ ತಲೆಯ ಮೇಲೆ ದುಪ್ಪಟ್ಟಾ, ಕೆಲವರ ಹಣೆಯ ಮೇಲೆ ಕುಂಕುಮ; ಎಲ್ಲರ ಕಾಲಲ್ಲೂ ಮಕ್ಕಳು ಬಿಟ್ಟ ಹಳೆಯ ಕ್ಯಾನ್ವಾಸ್ ಶೂ. ನಡಿಗೆಗಿಂತ ಮಾತೇ ಹೆಚ್ಚು ಎಂಬ ದೂರು ನಮ್ಮ ಮನೆಯವರದ್ದು. ಅದರಲ್ಲಿ ಸತ್ಯವಿದೆ.

ಕಳೆದ ಚಳಿಗಾಲದ ಒಂದು ಭಾನುವಾರ ನಾವು ಸಾವನದುರ್ಗಕ್ಕೆ ಹೋಗಿದ್ದೆವು. ನಮ್ಮ ಬಡಾವಣೆಯವರಿಗೆ ಅದು ದೂರದ ಊರೇನಲ್ಲ. ಮಾಗಡಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋಗುತ್ತಲೇ ಇದ್ದರೆ ಒಂದೂವರೆ ಗಂಟೆಯಲ್ಲಿ ಆ ಬೋಳು ಬಂಡೆ ಕಾಣಿಸುತ್ತದೆ. ಸಮುದ್ರ ಮಟ್ಟದಿಂದ 1226 ಮೀಟರ್ ಎತ್ತರ. ಬಿಳಿಗುಡ್ಡ, ಕರಿಗುಡ್ಡ ಎಂದು ಎರಡು ಭಾಗ. ಮಾಗಡಿ ಕೆಂಪೇಗೌಡರ ಕಾಲದ ಕೋಟೆಯ ಗೋಡೆಗಳು ಈಗಲೂ ಅಲ್ಲಲ್ಲಿ ಉಳಿದಿವೆ. ಟಿಪ್ಪು ಸುಲ್ತಾನರ ಸೈನ್ಯದ ವಶದಲ್ಲಿದ್ದ ಈ ದುರ್ಗವನ್ನು ಕಾರ್ನ್‌ವಾಲಿಸ್‌ನ ಪಡೆ 1791ರ ಡಿಸೆಂಬರ್‌ನಲ್ಲಿ ಹಿಡಿದುಕೊಂಡಿತು ಎಂದು ನಿವೃತ್ತ ಶಿಕ್ಷಕಿ ಹತ್ತುವಾಗ ನಮಗೆ ಪಾಠ ಮಾಡಿದರು. ಅರ್ಧ ದಾರಿಯಲ್ಲಿ ಅವರಿಗೂ ಉಸಿರು ಸಾಲದೆ ಇತಿಹಾಸ ಅಲ್ಲಿಗೇ ನಿಂತಿತು.

ಹತ್ತುವಾಗ ಎಲ್ಲರೂ ಏದುಸಿರು ಬಿಟ್ಟೆವು, ಬೆವರಿದೆವು. ಬಂಡೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಬಾಣದ ಗುರುತುಗಳನ್ನು ನೋಡಿಕೊಂಡು, ನಡುನಡುವೆ ಕುಳಿತು, ನೆಲ್ಲಿಕಾಯಿ ಹಂಚಿಕೊಂಡು ಏರಿದೆವು. 71ರ ಹಿರಿಯರು ಮೊದಲ ಗೋಡೆಯವರೆಗೆ ಬಂದು, ಇಷ್ಟು ಸಾಕು ಎಂದು ನೆರಳಲ್ಲಿ ಕುಳಿತರು. ಉಳಿದವರು ಮೇಲಿನವರೆಗೂ ಹೋದೆವು. ಕಷ್ಟವೆಲ್ಲ ಮುಗಿಯಿತು, ಇನ್ನು ಇಳಿಯುವುದಷ್ಟೇ ಎಂದುಕೊಂಡೇ ಇಳಿದೆವು. ಇಳಿಯುವಾಗ ಉಸಿರು ಕಟ್ಟಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ನುಣುಪಾದ ಇಳಿಜಾರು ಬಂಡೆಯ ಮೇಲೆ ಮಂಡಿಯನ್ನು ಸ್ವಲ್ಪ ಬಗ್ಗಿಸಿ, ಒಂದೊಂದೇ ಹೆಜ್ಜೆಯನ್ನು ತಡೆತಡೆದು ಇಟ್ಟೆವು. ಸಂಜೆ ಮನೆಗೆ ಬಂದು ಅಡುಗೆಯನ್ನೂ ಮಾಡಿದೆವು. ಆ ರಾತ್ರಿ ಯಾರ ಮೈಯಲ್ಲೂ ಹೇಳಿಕೊಳ್ಳುವಂಥ ನೋವಿರಲಿಲ್ಲ.

ಸೋಮವಾರ ಬೆಳಿಗ್ಗೆ ತೊಡೆಗಳು ಮಾತನಾಡತೊಡಗಿದವು. ಮಂಗಳವಾರ ಕೂಗಿದವು.

ಮಂಗಳವಾರ ಬೆಳಿಗ್ಗೆ ನಮ್ಮಲ್ಲಿ ಒಬ್ಬರು, 58ರ ವಯಸ್ಸಿನವರು, ಮೂರನೆಯ ಮಹಡಿಯ ತಾರಸಿಯಲ್ಲಿ ಬಟ್ಟೆ ಒಣಹಾಕಿ ಖಾಲಿ ಬಕೆಟ್ ಹಿಡಿದು ಇಳಿಯುತ್ತಿದ್ದರು. ನಮ್ಮ ಬಡಾವಣೆಯ ಮೆಟ್ಟಿಲುಗಳನ್ನು ನೋಡದವರಿಗೆ ಸ್ವಲ್ಪ ವಿವರಿಸಬೇಕು. ಇಲ್ಲಿ ಇಪ್ಪತ್ತು-ಮೂವತ್ತರ, ಮೂವತ್ತು-ನಲವತ್ತರ ನಿವೇಶನಗಳೇ ಹೆಚ್ಚು. ಕೆಳಗೆ ಮಾಲೀಕರು, ಮೇಲೆ ಮೂರು ಅಂತಸ್ತು ಬಾಡಿಗೆ. ಒಂದು ಅಡಿ ಜಾಗವೂ ಬಾಡಿಗೆಯ ಲೆಕ್ಕಕ್ಕೆ ಸೇರುವುದರಿಂದ ಮೆಟ್ಟಿಲಿಗೆ ಉಳಿಯುವುದು ಮೂಲೆಯ ಒಂದಿಷ್ಟು ಜಾಗ. ಹಾಗಾಗಿ ಮೆಟ್ಟಿಲು ಕಡಿದಾಗಿರುತ್ತದೆ, ಅಗಲ ಪಾದದಷ್ಟೂ ಇರುವುದಿಲ್ಲ, ತಿರುವಿನಲ್ಲಿ ಮೂರು ಮೆಟ್ಟಿಲು ತ್ರಿಕೋನಾಕಾರದಲ್ಲಿರುತ್ತವೆ. ಕೊನೆಯ ಮಹಡಿಯಿಂದ ತಾರಸಿಗೆ ಹೋಗುವ ಭಾಗಕ್ಕೆ ಕೈಪಿಡಿ ಇರುವುದು ಅಪರೂಪ. ಅಲ್ಲಿಗೆ ಹೋಗುವವರು ಯಾರು? ಬಟ್ಟೆ ಒಣಹಾಕುವ ಹೆಂಗಸರು ತಾನೇ!

ಅಂಥ ಒಂದು ತಿರುವಿನಲ್ಲಿ ಅವರ ಪಾದ ಮೆಟ್ಟಿಲನ್ನು ಸಿಕ್ಕಿತೆಂದುಕೊಂಡಿತು. ಆದರೆ ಅಲ್ಲಿ ಮೆಟ್ಟಿಲಿರಲಿಲ್ಲ. ಎರಡು ಮೆಟ್ಟಿಲು ಜಾರಿ, ಕಿಟಕಿಯ ಸರಳು ಕೈಗೆ ಸಿಕ್ಕಿದ್ದರಿಂದ ಮೊಣಕೈ ತರಚಿದ್ದಷ್ಟೇ ಆಯಿತು. ಬಕೆಟ್ ಮಾತ್ರ ನೆಲಮಹಡಿಯವರೆಗೂ ಹೋಯಿತು. ಮರುದಿನ ಪಾರ್ಕಿನಲ್ಲಿ ಅವರು ಹೇಳಿದ್ದು ಹೀಗೆ: "ನೋವು ಹೆಚ್ಚಾಗಿ ಬಿದ್ದದ್ದಲ್ಲ ಕಣ್ರೀ. ನನ್ನ ಕಾಲು ಎಲ್ಲಿದೆ ಅಂತ ನನ್ನ ಕಾಲಿಗೇ ಗೊತ್ತಿರಲಿಲ್ಲ."

ಈ ಮಾತು ನಮ್ಮ ತಲೆಯಲ್ಲಿ ಉಳಿಯಿತು. ನಾವು ವೈದ್ಯರಲ್ಲ. ಆದರೆ ನಮ್ಮಲ್ಲಿ ಒಬ್ಬರ ಮಗಳು ಫಿಸಿಯೋಥೆರಪಿ ಓದುತ್ತಿದ್ದಾಳೆ. ಅವಳ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕೆಲವು ಸಂಜೆ ಕುಳಿತೆವು. ಓದಿದ ಮೇಲೆ ತಿಳಿದದ್ದೇನೆಂದರೆ, ಅವರ ಆ ಮಾತು ಅಕ್ಷರಶಃ ನಿಜ.

ಮೊದಲು ನೋವಿನ ಮಾತು. ಶ್ರಮಪಟ್ಟ ಮೇಲೆ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು ನೋಯುತ್ತದೆ ಎಂಬ ನಂಬಿಕೆ ಜಿಮ್ಮುಗಳಲ್ಲೂ ಶಾಲೆಯ ಮೈದಾನಗಳಲ್ಲೂ ಬಹಳ ಪ್ರಚಾರದಲ್ಲಿದೆ. ಆದರೆ ಆ ಆಮ್ಲ ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ರಕ್ತದಿಂದ ಕರಗಿಹೋಗುತ್ತದೆ. ಈ ನೋವೋ ಮರುದಿನ ಶುರುವಾಗುವಂಥದ್ದು. 1902ರಲ್ಲೇ ಥಿಯೋಡರ್ ಹಫ್ ಎಂಬ ಅಮೆರಿಕದ ವಿಜ್ಞಾನಿ ಬೆರಳಿನ ಸ್ನಾಯುವಿಗೆ ಭಾರ ಹೊರಿಸಿ ಪರೀಕ್ಷಿಸಿ, ದಣಿದ ಕೂಡಲೇ ಆಗುವ ನೋವು ಬೇರೆ, ಗಂಟೆಗಳು ಕಳೆದ ಮೇಲೆ ಆಗುವ ನೋವು ಬೇರೆ, ಎರಡನೆಯದಕ್ಕೆ ಕಾರಣ ಸ್ನಾಯುವಿನೊಳಗಿನ ಸಣ್ಣ ಹರಿತ ಇರಬೇಕು ಎಂದು ಬರೆದಿದ್ದ. 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಓಟಗಾರರನ್ನು ಒಮ್ಮೆ ಸಮತಟ್ಟಿನಲ್ಲಿ, ಒಮ್ಮೆ ಇಳಿಜಾರಿನಲ್ಲಿ ಓಡಿಸಿದರು. ಸಮತಟ್ಟಿನಲ್ಲಿ ಓಡಿದಾಗ ಲ್ಯಾಕ್ಟಿಕ್ ಆಮ್ಲ ಏರಿತು, ಆದರೆ ಆಮೇಲೆ ಹೇಳಿಕೊಳ್ಳುವಂಥ ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದಾಗ ಆಮ್ಲ ಏರಲಿಲ್ಲ, ನೋವು ಬಂತು. ಪಾಪ, ಆ ಆಮ್ಲ ಇಷ್ಟು ವರ್ಷ ಸುಮ್ಮನೆ ಬೈಗುಳ ತಿಂದಿದೆ.

ಹಾಗಾದರೆ ಇಳಿಯುವುದರಲ್ಲಿ ಏನಿದೆ? ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ನಮ್ಮನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಬ್ರೇಕಿನಂತೆ ಕೆಲಸ ಮಾಡಬೇಕು. ಮಂಡಿ ಬಗ್ಗುತ್ತಿದ್ದಂತೆ ಅದು ಉದ್ದವಾಗುತ್ತಾ ಹೋಗುತ್ತದೆ. ಉದ್ದವಾಗುತ್ತಲೇ ದೇಹದ ಭಾರವನ್ನೂ ಹಿಡಿದು ನಿಲ್ಲಿಸಬೇಕು. ಬಾವಿಗೆ ತುಂಬಿದ ಕೊಡವನ್ನು ಇಳಿಬಿಡುವಾಗ ಹಗ್ಗ ಕೈಯಿಂದ ಸರಿಯುತ್ತಿದ್ದರೂ ಬಿಗಿ ಹಿಡಿದಿರುತ್ತೇವಲ್ಲ, ಹಾಗೆ. ಅಂಗೈ ಉರಿಯುವುದು ಆಗಲೇ. ಈ ಎಳೆತದಲ್ಲಿ ಸ್ನಾಯುವಿನ ಅತಿಸೂಕ್ಷ್ಮ ಎಳೆಗಳ ಜೋಡಣೆ ಅಲ್ಲಲ್ಲಿ ಕದಡುತ್ತದೆ. ಸ್ವೀಡನ್ನಿನ ಉಮಿಯೋ ನಗರದಲ್ಲಿ ಯಾನ್ ಫ್ರೀಡೆನ್ ಮತ್ತು ಸಂಗಡಿಗರು ಕೆಲವರನ್ನು ಮೆಟ್ಟಿಲು ಇಳಿಸಿ, ಅವರ ಕಾಲಿನ ಸ್ನಾಯುವಿನ ಚೂರನ್ನು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಈ ಕದಡಿದ ಜೋಡಣೆ ಕಣ್ಣಿಗೇ ಕಂಡಿತು. ಅದು 1981ರಲ್ಲಿ. ದೇಹ ಅದನ್ನು ಸರಿಪಡಿಸಲು ಹೊರಟಾಗ ಅಲ್ಲಿ ನೀರು ತುಂಬುತ್ತದೆ, ಊತ ಬರುತ್ತದೆ, ಮುಟ್ಟಿದರೆ ನೋಯುತ್ತದೆ. ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಶುರು, ಎರಡನೆಯ ಮೂರನೆಯ ದಿನಕ್ಕೆ ತುತ್ತತುದಿ, ವಾರದೊಳಗೆ ಮಾಯ. ನಮ್ಮ ಸೋಮವಾರ, ಮಂಗಳವಾರಗಳ ಲೆಕ್ಕ ಇದೇ.

ಇಷ್ಟರವರೆಗೆ ನೋವಿನ ಕತೆ. ಮುಂದಿನದನ್ನು ನಾವು ಹೆಚ್ಚು ಗಮನವಿಟ್ಟು ಓದಿದೆವು.

ಮನುಷ್ಯ ಎರಡು ಕಾಲಲ್ಲಿ ನಿಲ್ಲುವುದಕ್ಕೆ ಮೂರು ಸಾಕ್ಷಿಗಳನ್ನು ಕೇಳುತ್ತಾನೆ. ಕಣ್ಣು ಒಂದು. ಒಳಕಿವಿಯ ದ್ರವ ತುಂಬಿದ ಸಣ್ಣ ಕೊಳವೆಗಳು ಇನ್ನೊಂದು. ಮೂರನೆಯದು ಸ್ನಾಯು, ಕೀಲು ಮತ್ತು ಚರ್ಮದೊಳಗಿನ ಅರಿವು. ಕಣ್ಣು ಮುಚ್ಚಿಕೊಂಡೂ ನಮ್ಮ ಬೆರಳು ಮೂಗಿನ ತುದಿಯನ್ನು ಮುಟ್ಟಬಲ್ಲದು. ಕತ್ತಲಲ್ಲೂ ಬಾಯಿಗೆ ತುತ್ತು ತಪ್ಪುವುದಿಲ್ಲ. ಈ ಒಳ ಅರಿವಿಗೆ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ 'ಪ್ರೊಪ್ರಿಯೋಸೆಪ್ಶನ್' ಎಂದು ಹೆಸರಿಟ್ಟರು. ಸ್ನಾಯುವಿನೊಳಗೆ ಕದಿರಿನ ಆಕಾರದ ಅತಿಸಣ್ಣ ಅಂಗಗಳಿವೆ. ಸ್ನಾಯು ಎಷ್ಟು ಉದ್ದವಾಗಿದೆ, ಎಷ್ಟು ವೇಗವಾಗಿ ಎಳೆಯಲ್ಪಡುತ್ತಿದೆ ಎಂಬ ಸುದ್ದಿಯನ್ನು ಅವು ಪ್ರತಿಕ್ಷಣವೂ ಮಿದುಳಿಗೆ ಕಳುಹಿಸುತ್ತವೆ. ಮಿದುಳು ಅದನ್ನು ನಂಬಿ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತದೆ.

ಎಳೆತಕ್ಕೆ ಸಿಕ್ಕಿ ಹರಿದ ಸ್ನಾಯುವಿನ ವಿಷಯದಲ್ಲಿ ಈ ಲೆಕ್ಕ ಕೆಡುತ್ತದೆ. ಒಂದು ಕೈಗೆ ಮಾತ್ರ ಅಂಥ ಭಾರೀ ವ್ಯಾಯಾಮ ಮಾಡಿಸಿ, ಕಣ್ಣು ಕಟ್ಟಿ, ಒಂದು ಕೈಯನ್ನು ಮಡಿಸಿದಷ್ಟೇ ಇನ್ನೊಂದನ್ನೂ ಮಡಿಸಿ ತೋರಿಸಿ ಎಂದರೆ ಜನ ತಪ್ಪು ಕೋನದಲ್ಲಿ ನಿಲ್ಲಿಸುತ್ತಾರೆ. ತಾವು ಸರಿಯಾಗಿಯೇ ನಿಲ್ಲಿಸಿದ್ದೇವೆ ಎಂಬ ನಂಬಿಕೆ ಅವರದ್ದು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಊವೆ ಪ್ರೋಸ್ಕ ಮತ್ತು ಜೊತೆಗಾರರು ಇಂಥ ಪ್ರಯೋಗಗಳನ್ನು ವರ್ಷಗಟ್ಟಲೆ ಮಾಡಿದ್ದಾರೆ. ಸ್ನಾಯು ದುರ್ಬಲವಾದಾಗ ಅದೇ ಭಾರವನ್ನು ಎತ್ತಲು ಹೆಚ್ಚು ಯತ್ನ ಬೇಕಾಗುತ್ತದೆ. ಯತ್ನ ಹೆಚ್ಚಾದಾಗ ಅಂಗ ಎಲ್ಲಿದೆ ಎಂಬ ಅಂದಾಜೂ ಪಲ್ಲಟವಾಗುತ್ತದೆ ಎಂಬುದು ಅವರು ಕೊಡುವ ವಿವರಣೆಗಳಲ್ಲಿ ಒಂದು. ಕೈಯಲ್ಲಾದರೆ ಇದು ಬರೀ ಕುತೂಹಲದ ಸಂಗತಿ. ಮಂಡಿ ಮತ್ತು ಹಿಮ್ಮಡಿಗಂಟಿನಲ್ಲಾದರೆ ಅದೇ ತಪ್ಪು ಒಂದು ಮೆಟ್ಟಿಲಿನ ಅಂತರ.

ಇಡೀ ಶರೀರದ ನಿಲುವೂ ಬದಲಾಗುತ್ತದೆ. ಬಂಡೆ ಇಳಿದ ಎರಡನೆಯ ದಿನ ನಾವು ಪಾರ್ಕಿನಲ್ಲಿ ನಡೆಯುವುದನ್ನು ಯಾರಾದರೂ ನೋಡಿದ್ದರೆ ನಕ್ಕಿರುತ್ತಿದ್ದರು. ನಾವೇ ನಕ್ಕೆವು. ಮಂಡಿ ಬಗ್ಗಿಸಿದರೆ ನೋವು, ಆದ್ದರಿಂದ ಎಲ್ಲರೂ ಕಾಲನ್ನು ಕೋಲಿನಂತೆ ಇಟ್ಟುಕೊಂಡು ಬಾತುಕೋಳಿಯಂತೆ ಅತ್ತಿತ್ತ ತೂಗುತ್ತಿದ್ದೆವು. ಸೊಂಟ ಹಿಂದಕ್ಕೆ, ತಲೆ ಮುಂದಕ್ಕೆ. ಕುರ್ಚಿಯಲ್ಲಿ ಕೂರುವುದೆಂದರೆ ಕೂರುವುದಲ್ಲ, ಬೀಳುವುದು. ನಮ್ಮಲ್ಲಿ ನಮಾಝ್ ಮಾಡುವ ಮೂವರಿಗೆ ಸುಜೂದ್‌ನಿಂದ ಎದ್ದು ನಿಲ್ಲುವಾಗ ಕೈಯೂರದೆ ಆಗಲಿಲ್ಲ. ದೇವರ ಕೋಣೆಯಲ್ಲಿ ಚಾಪೆಯ ಮೇಲೆ ಕೂರುವವರಿಗೆ ಗೋಡೆ ಬೇಕಾಯಿತು. ನೋವು ಬಾರದಂತೆ ನಿಲ್ಲುವ ಭಂಗಿ ಮತ್ತು ಬೀಳದಂತೆ ನಿಲ್ಲುವ ಭಂಗಿ ಎರಡೂ ಒಂದೇ ಅಲ್ಲ. ಜಾರಿದಾಗ ದೇಹವನ್ನು ಹಿಡಿದು ನಿಲ್ಲಿಸುವುದು ಮಂಡಿಯ ಚುರುಕು ಬಾಗುವಿಕೆ. ಆ ದಿನ ನಾವು ಬಚ್ಚಿಟ್ಟುಕೊಂಡದ್ದು ಅದನ್ನೇ.

ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ರೋಂಬರ್ಗ್ ಹೆಸರಿನ ಒಂದು ಸರಳ ಪರೀಕ್ಷೆ ಈಗಲೂ ಆಸ್ಪತ್ರೆಗಳಲ್ಲಿದೆ. ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳುತ್ತಾರೆ. ಕಣ್ಣಿನ ಸಾಕ್ಷಿ ಹೋದೊಡನೆ ಉಳಿದೆರಡರ ಯೋಗ್ಯತೆ ಗೊತ್ತಾಗುತ್ತದೆ. ನೋವಿನ ದಿನಗಳಲ್ಲಿ ನಾವು ಗೊತ್ತಿಲ್ಲದೆಯೇ ಕಣ್ಣಿನ ಮೇಲೆ ಹೆಚ್ಚು ಭಾರ ಹಾಕಿರುತ್ತೇವೆ. ನೆಲ ನೋಡಿಕೊಂಡೇ ನಡೆಯುತ್ತೇವೆ. ಅದಕ್ಕೇ ರಾತ್ರಿ ಎರಡು ಗಂಟೆಗೆ ದೀಪ ಹಾಕದೆ ಬಚ್ಚಲಿಗೆ ಹೋಗುವಾಗ, ಅಥವಾ ಕರೆಂಟು ಹೋದ ಮೆಟ್ಟಿಲಲ್ಲಿ, ಅಥವಾ ಬಕೆಟ್ಟೋ ಮಗುವೋ ಅಡ್ಡ ಬಂದು ಪಾದ ಕಾಣದಾದಾಗ ಅಪಾಯ ದುಪ್ಪಟ್ಟಾಗುತ್ತದೆ.

ಇಪ್ಪತ್ತರ ಹುಡುಗನಿಗೆ ಇದೆಲ್ಲ ತಮಾಷೆಯ ವಿಷಯ. ಎಡವಿದರೂ ಏಳುತ್ತಾನೆ. ಅರವತ್ತು ದಾಟಿದವರ ಮಾತು ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದ್ದೇ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಅಜ್ಜಿಯೊಬ್ಬರು ಇಲ್ಲದ ಬೀದಿ ನಮ್ಮ ಬಡಾವಣೆಯಲ್ಲಿದೆಯೇ ಎಂದು ಎಣಿಸಿ ನೋಡಿದೆವು. ಎರಡು ಬೀದಿ ಸಿಕ್ಕಿತು.

ಇಲ್ಲಿ ಒಂದು ಸಿಕ್ಕು ಇದೆ. ಬೀಳದಿರಲು ಇರುವ ಒಳ್ಳೆಯ ದಾರಿಯೂ ವ್ಯಾಯಾಮವೇ. ವಯಸ್ಸಾದವರು ವಾರಕ್ಕೆ ಮೂರು ದಿನವಾದರೂ ಬಲವನ್ನೂ ಸಮತೋಲನವನ್ನೂ ಹೆಚ್ಚಿಸುವ ಚಟುವಟಿಕೆ ಮಾಡಬೇಕೆಂದು 2020ರ ಮಾರ್ಗಸೂಚಿಯಲ್ಲಿ ಅದೇ ಸಂಸ್ಥೆ ಹೇಳುತ್ತದೆ. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಔಷಧಿ ಬರೆದುಕೊಟ್ಟ ವೈದ್ಯರು ಕೊನೆಗೆ, ಸ್ವಲ್ಪ ವಾಕ್ ಮಾಡಿ, ವ್ಯಾಯಾಮ ಮಾಡಿ ಎನ್ನುತ್ತಾರೆ. ಅವರು ಹೇಳಿದ್ದು ಸರಿಯೇ. ಆದರೆ ಎರಡನೆಯ ದಿನ ಏನಾಗುತ್ತದೆ ಎಂದು ಹೇಳಲು ಅವರಿಗೆ ಸಮಯವಿರುವುದಿಲ್ಲ, ಹೊರಗೆ ನಲವತ್ತು ಮಂದಿ ಕಾಯುತ್ತಿರುತ್ತಾರೆ. ಹಾಗಾಗಿ ನಡೆಯುವುದೇನೆಂದರೆ, ಅರವತ್ತೆರಡರ ಹೆಂಗಸೊಬ್ಬರು ಪಾರ್ಕಿನಲ್ಲಿ ನೆಟ್ಟ ವ್ಯಾಯಾಮದ ಯಂತ್ರಗಳ ಮೇಲೆ ಒಂದೇ ದಿನ ಅರ್ಧ ಗಂಟೆ ಕಳೆಯುತ್ತಾರೆ. ಮೂರನೆಯ ದಿನ ಮನೆಯ ಹೊಸ್ತಿಲಲ್ಲಿ ಎಡವುತ್ತಾರೆ. 'ಈ ವಯಸ್ಸಲ್ಲಿ ಇದೆಲ್ಲ ನಿಮಗ್ಯಾಕೆ' ಎಂದು ಸೊಸೆಯೋ ಮಗನೋ ಹೇಳುತ್ತಾರೆ. ಅಲ್ಲಿಗೆ ಮುಗಿಯಿತು. ಅವರು ಮತ್ತೆ ಪಾರ್ಕಿಗೆ ಬರುವುದಿಲ್ಲ. ಕಾಲಿನ ಬಲ ಇನ್ನಷ್ಟು ಇಳಿಯುತ್ತದೆ. ನಮ್ಮ ಗುಂಪಿನಿಂದಲೇ ಹೀಗೆ ಮೂವರನ್ನು ಕಳೆದುಕೊಂಡಿದ್ದೇವೆ.

ಆದರೆ ಆ ನೋವು ವ್ಯರ್ಥವಲ್ಲ ಎಂಬುದು ಅವರಿಗೆ ಯಾರಾದರೂ ಹೇಳಬೇಕಾದ ಮಾತು. ಒಮ್ಮೆ ಹೀಗೆ ಎಳೆತಕ್ಕೆ ಸಿಕ್ಕಿ ಚೇತರಿಸಿಕೊಂಡ ಸ್ನಾಯು ಅದೇ ಕೆಲಸವನ್ನು ಮತ್ತೆ ಮಾಡಿದಾಗ ಅಷ್ಟು ಕೆಡುವುದಿಲ್ಲ, ಅಷ್ಟು ನೋಯುವುದೂ ಇಲ್ಲ. ಒಂದೇ ಒಂದು ಸಲದ ಅನುಭವದ ರಕ್ಷಣೆ ಹಲವು ವಾರ ಉಳಿಯುತ್ತದೆ. ಮೊದಲ ಸಲವೇ ಪೂರ್ತಿ ಬೆಲೆ ತೆರಬೇಕಾಗಿಯೂ ಇಲ್ಲ. ಸ್ವಲ್ಪ ಸ್ವಲ್ಪವೇ ಇಳಿದರೂ ಆ ರಕ್ಷಣೆ ಸಿಗುತ್ತದೆ. ಹಳ್ಳಿಯ ಗರಡಿಮನೆಯ ಉಸ್ತಾದರಿಗೆ ಇದು ಪ್ರಯೋಗಶಾಲೆಯಿಲ್ಲದೆ ಗೊತ್ತಿತ್ತು. ಹೊಸ ಹುಡುಗನಿಗೆ ಮೊದಲ ದಿನವೇ ನೂರು ಬಸ್ಕಿ ಹೊಡೆಸುತ್ತಿರಲಿಲ್ಲ. ನಮ್ಮ ಬೆಂಗಳೂರಿನ ಕರಗವನ್ನೇ ನೋಡಿ. ತಿಗಳರಪೇಟೆಯ ಧರ್ಮರಾಯ ದೇವಸ್ಥಾನದಿಂದ ಹೊರಟ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಬಂದು ಹೋಗುವುದು ಈ ಊರಿನ ಹಳೆಯ ಸೌಹಾರ್ದ. ರಾತ್ರಿಯಿಡೀ ತಲೆಯ ಮೇಲಿನ ಕರಗವನ್ನು ಕೈಯಿಂದ ಮುಟ್ಟದೆ ಜನಜಂಗುಳಿಯ ನಡುವೆ ಹೆಜ್ಜೆ ಹಾಕುವವರು ಅದಕ್ಕಾಗಿ ತಿಂಗಳುಗಟ್ಟಲೆ ವ್ಯಾಯಾಮ, ವ್ರತಗಳಿಂದ ಮೈಯನ್ನು ಅಣಿಗೊಳಿಸುತ್ತಾರೆ. ಭಕ್ತಿಯ ವಿಷಯ ಅವರದ್ದು. ಕಾಲಿನ ವಿಷಯವಂತೂ ನಮಗೂ ಅರ್ಥವಾಗುತ್ತದೆ.

ಮನೆಮದ್ದುಗಳ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇವೆ. ಬಿಸಿನೀರು, ಎಣ್ಣೆ ನೀವುವುದು ಹಿತ ಕೊಡುತ್ತವೆ, ಬೇಡವೆನ್ನಲು ಕಾರಣವಿಲ್ಲ. ವ್ಯಾಯಾಮದ ಮೊದಲು ಮತ್ತು ನಂತರ ಮೈ ಎಳೆದು ಚಾಚಿದರೆ ಈ ನೋವು ಬರುವುದಿಲ್ಲ ಎಂಬುದು ಮಾತ್ರ ಹೆಚ್ಚು ನಿಲ್ಲುವ ಮಾತಲ್ಲ. ಕಾಕ್ರೇನ್ ಸಂಸ್ಥೆ 2011ರಲ್ಲಿ ಇಂಥ 12 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ನೂರು ಅಂಕದ ನೋವಿನ ಅಳತೆಯಲ್ಲಿ ಅದರಿಂದ ಕಡಿಮೆಯಾದದ್ದು ಸರಾಸರಿ ಒಂದು ಅಂಕವೋ ಅದಕ್ಕೂ ಕಡಿಮೆಯೋ. ನೋವಿನ ಮಾತ್ರೆ ನುಂಗಿದರೆ ನೋವು ತಗ್ಗಬಹುದು, ಆದರೆ ಸ್ನಾಯುವಿನ ಬಲ ಮಾತ್ರೆಯಿಂದ ಮರಳುವುದಿಲ್ಲ. ನೋವಿಲ್ಲ ಎಂದ ಮಾತ್ರಕ್ಕೆ ಕಾಲು ಸರಿಹೋಗಿದೆ ಎಂದು ತಿಳಿದು ಏಣಿ ಹತ್ತಬಾರದು. ಮತ್ತೆ, ಸಹಿಸಲಾಗದ ನೋವಿನ ಜೊತೆ ಕಾಲು ತೀರಾ ಬಾತುಕೊಂಡು, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಮನೆಮದ್ದಿನ ಕಾಯಿಲೆಯಲ್ಲ. ಸ್ನಾಯು ವಿಪರೀತ ಒಡೆದು ಮೂತ್ರಪಿಂಡಕ್ಕೆ ಕುತ್ತು ತರುವ ಸ್ಥಿತಿ ಅದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಮ್ಮ ಮಟ್ಟಿಗೆ ನಾವು ಮಾಡಿಕೊಂಡ ಕ್ರಮ ಸಣ್ಣದು. ಯಾರಾದರೂ ಹೊಸಬರು ಗುಂಪಿಗೆ ಸೇರಿದರೆ ಮೊದಲ ವಾರ ಅವರಿಗೆ ಯಂತ್ರಗಳ ಕಡೆ ಹೋಗಲು ಬಿಡುವುದಿಲ್ಲ. ಮೆಟ್ಟಿಲನ್ನು ದಿನಕ್ಕೆ ಒಂದು ಮಹಡಿಯಷ್ಟು, ಗೋಡೆ ಹಿಡಿದು ನಿಧಾನವಾಗಿ ಇಳಿಯಲು ಹೇಳುತ್ತೇವೆ, ಎರಡನೆಯ ವಾರ ಎರಡು ಮಹಡಿ. ಮೈ ಹಿಡಿದುಕೊಂಡ ದಿನಗಳಲ್ಲಿ ತಾರಸಿಯ ಬಟ್ಟೆ ಮನೆಯ ಗಂಡಸರದ್ದು. ಈ ಕೊನೆಯ ನಿಯಮ ಜಾರಿಗೆ ಬರಲು ವಿಜ್ಞಾನದ ಬೆಂಬಲವನ್ನು ಸಾಕಷ್ಟು ಬಳಸಬೇಕಾಯಿತು.

ಆದರೆ ನಿಯಮ ಮಾಡಿಕೊಳ್ಳುವ ಅವಕಾಶ ಎಲ್ಲರಿಗೂ ಇರುವುದಿಲ್ಲ. ನಮ್ಮ ಪಾರ್ಕಿನ ಎದುರಿಗೇ ನಾಲ್ಕು ಅಂತಸ್ತಿನ ಮನೆಯೊಂದು ಏಳುತ್ತಿದೆ. ಅಲ್ಲಿ ಕೆಲಸ ಮಾಡುವ ಹೆಂಗಸರು ಯಾದಗಿರಿ ಕಡೆಯವರು. ನಾವು ನಡೆದು ಮುಗಿಸುವ ಹೊತ್ತಿಗೆ ಅವರ ಕೆಲಸ ಶುರುವಾಗುತ್ತದೆ. ತಲೆಯ ಮೇಲೆ ಮರಳಿನ ಬಾಂಡ್ಲಿ ಹೊತ್ತು ಏರುವುದು, ಖಾಲಿ ಬಾಂಡ್ಲಿ ಹಿಡಿದು ಇಳಿಯುವುದು. ದಿನಕ್ಕೆ ಎಷ್ಟು ಸಲ ಎಂದು ಅವರೂ ಎಣಿಸಿಲ್ಲ. ಹೊಸದಾಗಿ ಬಂದ ಹುಡುಗಿಯೊಬ್ಬಳು, ಇಪ್ಪತ್ತಿರಬಹುದು, ಒಂದು ಬೆಳಿಗ್ಗೆ ಇಟ್ಟಿಗೆ ರಾಶಿಯ ಮೇಲೆ ಕುಳಿತು ತೊಡೆಯನ್ನು ಗುದ್ದಿಕೊಳ್ಳುತ್ತಿದ್ದಳು. ಬಂದು ಎಷ್ಟು ದಿನವಾಯಿತು ಎಂದು ಕೇಳಿದೆವು. ಮೂರು ದಿನ ಎಂದಳು. ಊರಲ್ಲಿ ಹೊಲದ ಕೆಲಸ ಗೊತ್ತು, ಸಮನೆಲ, ಮೆಟ್ಟಿಲು ಗೊತ್ತಿಲ್ಲ. ಪಕ್ಕದಲ್ಲಿದ್ದ ಮೇಸ್ತ್ರಿ, "ಇನ್ನೆರಡು ದಿನ, ತಾನೇ ಬಿಡುತ್ತೆ" ಎಂದರು.

ಮೇಸ್ತ್ರಿಯ ಮಾತನ್ನು ಯಾವ ಪ್ರಯೋಗಶಾಲೆಯೂ ಅಲ್ಲಗಳೆಯದು. ಇನ್ನೆರಡು ದಿನಕ್ಕೆ ಬಿಡುತ್ತದೆ, ವಾರ ಕಳೆದರೆ ಅವಳ ಕಾಲು ಪಳಗುತ್ತದೆ. ಆದರೆ ಆ ಎರಡು ದಿನವನ್ನು ಅವಳು ಎಲ್ಲಿ ಕಳೆಯುತ್ತಾಳೆ? ನಾವು ಮಂಗಳವಾರ ಸೋಫಾದ ಮೇಲೆ ಕಾಲು ಚಾಚಿ ಕುಳಿತಿದ್ದೆವು. ಅವಳು ಕೈಪಿಡಿಯಿಲ್ಲದ, ಪ್ಲಾಸ್ಟರ್ ಆಗದ, ಮರಳು ಚೆಲ್ಲಿದ ಮೆಟ್ಟಿಲ ಮೇಲೆ ಇರುತ್ತಾಳೆ. ಕೂಲಿ ದಿನದ ಲೆಕ್ಕ. ಕೂತ ದಿನಕ್ಕೆ ಕೂಲಿಯಿಲ್ಲ. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆ 1996ರಲ್ಲಿ ಬಂತು. ಕರ್ನಾಟಕದ ಕಲ್ಯಾಣ ಮಂಡಳಿ 2007ರಿಂದ ಇದೆ. ಬಿದ್ದು ಗಾಯಗೊಂಡವರಿಗೆ ಮಂಡಳಿಯಿಂದ ಪರಿಹಾರವಿದೆ, ಚಿಕಿತ್ಸೆಗೆ ನೆರವಿದೆ. ಅದಕ್ಕೆ ನೋಂದಣಿ ಆಗಿರಬೇಕು. ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಕಾನೂನಿನ ಆ ಲೆಕ್ಕಕ್ಕೆ ಅದರದ್ದೇ ಕಾರಣಗಳಿರಬಹುದು. ಆದರೆ ಕಾಲಿನ ಲೆಕ್ಕ ಬೇರೆ. ಅವಳ ಕಾಲು ಅತ್ಯಂತ ನಂಬಿಕೆಗೆಟ್ಟಿರುವುದು ಎರಡನೆಯ, ಮೂರನೆಯ, ನಾಲ್ಕನೆಯ ದಿನ. ತೊಂಬತ್ತನೆಯ ದಿನಕ್ಕೆ ಅವಳು ನಮ್ಮೆಲ್ಲರಿಗಿಂತ ಗಟ್ಟಿಯಾಗಿ ನಿಲ್ಲುತ್ತಾಳೆ.

ಮೊದಲ ವಾರ ಹೊಸಬರಿಗೆ ಕೆಳಗಿನ ಕೆಲಸ ಕೊಡಬಹುದಲ್ಲ, ಮರಳು ಜರಡಿ ಹಿಡಿಯುವುದು, ಇಟ್ಟಿಗೆಗೆ ನೀರು ಹಾಕುವುದು ಎಂದು ನಾವು ಮೇಸ್ತ್ರಿಗೆ ಹೇಳಿ ನೋಡಿದೆವು. ಅವರು ಕೆಟ್ಟ ಮನುಷ್ಯರೇನಲ್ಲ. "ನೋಡೋಣ ಅಮ್ಮ" ಎಂದರು. ಮನೆಯ ಮಾಲೀಕರ ಬಳಿ ಶಿಕ್ಷಕಿಯೇ ಹೋಗಿ ಮಾತನಾಡಿದರು. ಅವರ ಮಗ ಇವರ ಹಳೆಯ ವಿದ್ಯಾರ್ಥಿಯಂತೆ. ನಾಲ್ಕು ದಿನ ಬಿಟ್ಟು ನೋಡಿದರೆ ಮೆಟ್ಟಿಲ ಒಂದು ಬದಿಗೆ ಸೊಂಟದ ಎತ್ತರಕ್ಕೆ ಬಿದಿರು ಕಟ್ಟಿದ್ದರು. ಆ ಹುಡುಗಿ ಅದನ್ನು ಹಿಡಿದು, ಖಾಲಿ ಬಾಂಡ್ಲಿಯನ್ನು ಕಂಕುಳಲ್ಲಿಟ್ಟು ಇಳಿಯುತ್ತಿದ್ದಳು. ಈಗ ಕಟ್ಟಡ ನಾಲ್ಕನೆಯ ಅಂತಸ್ತಿಗೆ ಬಂದಿದೆ. ಬಿದಿರು ಇನ್ನೂ ಎರಡನೆಯದರವರೆಗೆ ಮಾತ್ರ ಇದೆ.